ಟೀಮ್ ಮಾರಾಟಕ್ಕೆ ಬಂದಾಗ ನಾವು ಎಲ್ಲಿರ್ತೀವಿ?

ಪೋಸ್ಟ್ 1/9: ನನ್ನ ಹಳೇ ಜೆರ್ಸಿ

ಫೋಟೋದಲ್ಲಿರೋದು ನನ್ನ ಹಳೇ ಜೆರ್ಸಿ. ಎದೆ ಮೇಲಿನ ಅಂಗಡಿ ಹೆಸರನ್ನ ನಾನೇ ಬ್ಲರ್ ಮಾಡೀನಿ.

ನಮ್ಮ ಓಣಿ ಟೀಮಿಗೆ ಮೊದಲು ನಾವೇ ಇಟ್ಟ ಹೆಸರಿತ್ತು. ಒಂದು ವರ್ಷ ಒಬ್ಬರು ಬಂದು, ಹದಿನೈದು ಜೆರ್ಸಿ, ಒಂದು ಕಿಟ್ ನಾನು ಕೊಡಿಸ್ತೀನಿ ಅಂದ್ರು. ಶರತ್ತು ಒಂದೇ, ಟೀಮಿಗೆ ಅವರ ಅಂಗಡಿ ಹೆಸರಿಡಬೇಕು. ನಾವು ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ, ಹೂಂ ಅಂದ್ವಿ. ಮುಂದಿನ ವರ್ಷ ಅವರು ಫೋನೇ ಎತ್ತಲಿಲ್ಲ. ಜೆರ್ಸಿ ಉಳೀತು, ಅಂಗಡಿ ಹೆಸರು ಉಳೀತು, ನಮ್ಮ ಹೆಸರು ಮಾತ್ರ ಹೋಯ್ತು. ಈಗಲೂ ಟೂರ್ನಮೆಂಟ್‌ನಾಗ ಮೈಕ್ ಹಿಡಿದವರು ನಮ್ಮನ್ನ ಆ ಅಂಗಡಿ ಹೆಸರಿಂದಲೇ ಕರೀತಾರ.

ಈ ಜೆರ್ಸಿ ನೆನಪಾಗಿದ್ದು ಎರಡು ಸುದ್ದಿಯಿಂದ.

2025ರ ನವೆಂಬರ್ 5. ಆರ್‌ಸಿಬಿಯ ಆಗಿನ ಮಾಲೀಕ ಕಂಪನಿ ಯುನೈಟೆಡ್ ಸ್ಪಿರಿಟ್ಸ್, ಅಂದ್ರೆ ಡಿಯಾಜಿಯೊ ಇಂಡಿಯಾ, ಷೇರುಪೇಟೆಗೆ ಒಂದು ಪತ್ರ ಕೊಟ್ಟಿತು. ತಂಡದಲ್ಲಿ ತಾನು ಹಾಕಿದ ಬಂಡವಾಳದ ಬಗ್ಗೆ ಮರುಪರಿಶೀಲನೆ ಮಾಡ್ತೀವಿ, 2026ರ ಮಾರ್ಚ್ 31ರೊಳಗೆ ಮುಗಿಸ್ತೀವಿ ಅಂತ. ಸರಳವಾಗಿ ಹೇಳ್ಬೇಕಂದ್ರೆ, ಒಳ್ಳೇ ಬೆಲೆ ಬಂದ್ರೆ ಮಾರಬಹುದು.

ಎರಡು ದಿನ ಬಿಟ್ಟು, ನವೆಂಬರ್ 7. ಭಾರತದ ಫುಟ್‌ಬಾಲ್ ಫೆಡರೇಶನ್ ಐಎಸ್‌ಎಲ್ ಲೀಗನ್ನು 15 ವರ್ಷ ನಡೆಸೋ ವಾಣಿಜ್ಯ ಹಕ್ಕಿಗೆ ಕರೆದಿದ್ದ ಟೆಂಡರಿನ ಕೊನೇ ದಿನ. ಒಬ್ಬರೂ ಬಿಡ್ ಹಾಕಲಿಲ್ಲ.

ಒಂದು ಕಡೆ ಕೊಳ್ಳೋರ ಸಾಲು, ಇನ್ನೊಂದು ಕಡೆ ಕೇಳೋರೇ ಇಲ್ಲ. ನಮ್ಮ ಕ್ಲಾಸ್ ಗ್ರೂಪ್‌ನಾಗ ಆರ್‌ಸಿಬಿ ಸುದ್ದಿಗೆ ನೂರಾರು ಮೆಸೇಜು, ಫುಟ್‌ಬಾಲ್ ಸುದ್ದಿಗೆ ಎರಡು. ಆದ್ರೆ ಎರಡರ ಹಿಂದೆ ಇರೋ ಪ್ರಶ್ನೆ ಒಂದೇ: ಟೀಮು ಯಾರದು? ಈ ಪ್ರಶ್ನೆ ಜೊತೆ ಫುಟ್‌ಬಾಲ್ ಅಭಿಮಾನಿಗಳು ನೂರು ವರ್ಷದಿಂದ ಗುದ್ದಾಡ್ತಾ ಬಂದಾರ. ಅದಕ್ಕೇ ಈ ಸರಣಿ ಫುಟ್‌ಬಾಲ್ ಬಗ್ಗೆ. ಕ್ರಿಕೆಟ್ಟಿನವರೂ ಓದ್ರಿ, ಕೊನೆಗೆ ನಿಮ್ಮ ಹತ್ರಾನೇ ಬರ್ತೀನಿ.

ಪೋಸ್ಟ್ 2/9: ಸದಸ್ಯರ ಕಾಲ

ಮೊದಮೊದಲು ಕ್ಲಬ್ಬಿಗೆ ಮಾಲೀಕ ಅನ್ನೋನೇ ಇರಲಿಲ್ಲ. ಸದಸ್ಯರಿದ್ದರು. ಚಂದಾ ಕಟ್ಟೋರು, ವರ್ಷಕ್ಕೊಮ್ಮೆ ಸಭೆ ಸೇರೋರು, ಕಾರ್ಯದರ್ಶಿಯನ್ನ ಆರಿಸೋರು, ಜಗಳಾಡೋರು. ಈಗ ನಮ್ಮೂರ ಗಣೇಶ ಮಂಡಳಿ ನಡೀತದಲ್ಲ, ಹೆಚ್ಚುಕಡಿಮೆ ಹಂಗೇ.

ಕೋಲ್ಕತ್ತದ ಮೋಹನ್ ಬಾಗಾನ್ 1889ರಲ್ಲಿ ಹಿಂಗೇ ಹುಟ್ಟಿತು. 1911ರ ಜುಲೈ 29ರಂದು ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಅನ್ನೋ ಬ್ರಿಟಿಷ್ ಸೈನ್ಯದ ತಂಡವನ್ನು 2-1ರಿಂದ ಸೋಲಿಸಿತು. ಆಳುವವರನ್ನ ಅವರದೇ ಆಟದಲ್ಲಿ ಸೋಲಿಸಿದ ದಿನ ಅದು. ಆ ಗೆಲುವು ಯಾರದು ಅಂತ ಯಾರೂ ಕೇಳಲಿಲ್ಲ. ಎಲ್ಲರದೂ ಆಗಿತ್ತು.

ನಮ್ಮ ರಾಜ್ಯಕ್ಕೂ ಇಂಥ ಕಥೆ ಅದ, ಆದ್ರೆ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರಿದ್ದರು, ಅವರ ಜೊತೆ ಫುಟ್‌ಬಾಲೂ ಬಂತು. ಅಲ್ಲಿನ ಹುಡುಗರು ನೋಡಿ ಕಲಿತರು. ಮುಂಬೈಯಲ್ಲಿ 1891ರಿಂದ ರೋವರ್ಸ್ ಕಪ್ ಅಂತ ದೊಡ್ಡ ಟೂರ್ನಮೆಂಟ್ ನಡೀತಿತ್ತು. ಸುಮಾರು ನಲವತ್ತೈದು ವರ್ಷ ಅದನ್ನ ಬ್ರಿಟಿಷ್ ತಂಡಗಳೇ ಗೆಲ್ತಿದ್ದವು. ಆ ಸಾಲು ಮುರಿದಿದ್ದು ಕೋಲ್ಕತ್ತದ ತಂಡ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ನಮ್ಮ ಬೆಂಗಳೂರಿನ ಕ್ಲಬ್ಬು. 1938ರಲ್ಲಿ ಇನ್ನೊಮ್ಮೆ ಗೆದ್ದು, ಮೊದಲನೇದು ಅದೃಷ್ಟ ಅಲ್ಲ ಅಂತ ತೋರಿಸಿತು.

ಈ ಕಾಲವನ್ನ ಬರೀ ಹೊಗಳೋಕೆ ಆಗಲ್ಲ. ಸದಸ್ಯರ ಕ್ಲಬ್ಬಿನಲ್ಲಿ ದುಡ್ಡು ಯಾವಾಗಲೂ ಕಮ್ಮಿ, ರಾಜಕೀಯ ಯಾವಾಗಲೂ ಜಾಸ್ತಿ. ಒಬ್ಬರೇ ಇಪ್ಪತ್ತು ವರ್ಷ ಕುರ್ಚಿ ಬಿಡದೇ ಕೂತಿರೋದೂ ಉಂಟು. ಆದ್ರೆ ಒಂದು ಮಾತು ನೆನಪಿಟ್ಕೊಳ್ರಿ. ಅಲ್ಲಿ ಅಭಿಮಾನಿಗೆ ಎದ್ದು ನಿಂತು ಕೇಳೋಕೆ ಒಂದು ಸಭೆ ಇತ್ತು. ಲೆಕ್ಕ ಕೊಡ್ರಿ ಅಂತ ಕೇಳೋ ಹಕ್ಕು ಇತ್ತು. ಮುಂದೆ ಕಳೆದುಹೋಗೋದು ಇದೇ.

ಪೋಸ್ಟ್ 3/9: ಕಾರ್ಖಾನೆಯ ಸೈರನ್

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎರಡನೇ ಥರದ ಮಾಲೀಕ ಬಂದ: ಕಾರ್ಖಾನೆ.

ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಶುರುವಾದವು. ವಿಮಾನ ಕಟ್ಟೋ ಕಾರ್ಖಾನೆಗೂ ಟೆಲಿಫೋನ್ ಮಾಡೋ ಕಾರ್ಖಾನೆಗೂ ಫುಟ್‌ಬಾಲ್ ತಂಡ ಇತ್ತು. ಆಟಗಾರ ಅಂದ್ರೆ ಅಲ್ಲಿ ನೌಕರ. ತಿಂಗಳ ಪಗಾರ, ಆಟ ಮುಗಿದ ಮೇಲೂ ನೌಕರಿ. ಬಡ ಮನೆಯ ಹುಡುಗನಿಗೆ ಇದಕ್ಕಿಂತ ಗಟ್ಟಿ ಭರವಸೆ ಬೇರೆ ಇರಲಿಲ್ಲ. ಆ ಕಾಲದಲ್ಲೇ ನಮ್ಮ ರಾಜ್ಯ ತಂಡ, ಆಗಿನ ಹೆಸರಲ್ಲಿ ಮೈಸೂರು, ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿತು. ನಾಲ್ಕನೇದು 1968-69ರ ಸೀಸನ್ನು. ಐದನೇದಕ್ಕೆ ಎಷ್ಟು ವರ್ಷ ಕಾಯಬೇಕಾಯ್ತು ಗೊತ್ತಾ? 54. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ ತಂದಿತು. ನಮ್ಮಲ್ಲಿ ಎಷ್ಟು ಜನ ಅದಕ್ಕೆ ಸ್ಟೇಟಸ್ ಹಾಕಿದ್ವಿ? ನಾನಂತೂ ಹಾಕಿಲ್ಲ.

ಕಾರ್ಖಾನೆ ಒಳ್ಳೇ ಮಾಲೀಕನೇ. ಆದ್ರೆ ಅದರ ಕೆಲಸ ಫುಟ್‌ಬಾಲ್ ಅಲ್ಲ. ಲೆಕ್ಕ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಆಟದ ಖರ್ಚಿಗೆ. 2010ರಲ್ಲಿ ಎಚ್‌ಎಎಲ್ ಐ-ಲೀಗ್‌ಗೆ ಏರಿತು, 2012ರಲ್ಲಿ ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ.

ದೇಶದ ತುಂಬ ಇದೇ ಕಥೆ. ಮುಂಬೈಯ ಮಹೀಂದ್ರಾ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ತಂಡ, 2010ರಲ್ಲಿ ಬಾಗಿಲು ಹಾಕಿತು. ಪಂಜಾಬಿನ ಫಗ್ವಾಡದ ಜೆಸಿಟಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಚಾಂಪಿಯನ್, 2011ರಲ್ಲಿ ಬಾಗಿಲು ಹಾಕಿತು. ಕಂಪನಿಯ ಮಂಡಳಿ ಸಾಕು ಅಂದಿತು, ಮುಚ್ಚಿತು. ಅಭಿಮಾನಿಗೆ ತಿಳಿದಿದ್ದು ಮರುದಿನದ ಪೇಪರಿನಿಂದ.

ಸದಸ್ಯರ ಕಾಲದಲ್ಲಿ ಅಭಿಮಾನಿ ಸಭೆಯಲ್ಲಿದ್ದ. ಕಾರ್ಖಾನೆ ಕಾಲದಲ್ಲಿ ಗೇಟಿನ ಹೊರಗೆ ನಿಂತ.

ಪೋಸ್ಟ್ 4/9: ಪಶ್ಚಿಮದ ಕಟ್ಟೆ

2013ರಲ್ಲಿ ಬೆಂಗಳೂರಿಗೆ ಮೂರನೇ ಥರದ ಮಾಲೀಕ ಬಂದ. ಜೆಎಸ್‌ಡಬ್ಲ್ಯು. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರೋ ಅದೇ ಸಮೂಹ, ಅಂದ್ರೆ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಪರಿಚಿತ. ಬೆಂಗಳೂರು ಎಫ್‌ಸಿ ಹುಟ್ಟಿದ್ದು ಹಂಗ.

ಇಲ್ಲಿ ಎಲ್ಲಾ ಉಲ್ಟಾ. ಮೊದಲು ಮಾಲೀಕ, ಆಮೇಲೆ ತಂಡ, ಕೊನೆಗೆ ಅಭಿಮಾನಿ. ಬಾಡಿಗೆ ಜನ ಕೂರಿಸಬೇಕಾಗ್ತದ ಅಂತ ನಕ್ಕವರೂ ಇರಬಹುದು. ಆದ್ರೆ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ಒಂದಷ್ಟು ಹುಡುಗ ಹುಡುಗಿಯರು ನಿಂತ್ಕೊಂಡು ಹಾಡೋಕೆ ಶುರು ಮಾಡಿದ್ರು. ಅವರು ತಮ್ಮನ್ನ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಕರ್ಕೊಂಡ್ರು. ತಂಡ ಮೊದಲ ಸೀಸನ್‌ನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಇನ್ನೊಮ್ಮೆ. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಆಯ್ತು, ದೋಹಾದಲ್ಲಿ ಇರಾಕಿನ ತಂಡದ ಎದುರು 1-0ರಿಂದ ಸೋತಿತು. 2017ರಲ್ಲಿ ಐಎಸ್‌ಎಲ್‌ಗೆ ಹೋಗಿ, 2018-19ರಲ್ಲಿ ಅದನ್ನೂ ಗೆದ್ದಿತು.

ಅಲ್ಲಿಗೆ ಸುನಿಲ್ ಛೇತ್ರಿ ನಮ್ಮವನು, ನೀಲಿ ನಮ್ಮ ಬಣ್ಣ. ದುಡ್ಡು ಕಂಪನಿಯದು, ಧ್ವನಿ ಅಭಿಮಾನಿಯದು.

ಈಗ 2025ಕ್ಕೆ ಬನ್ನಿ. ಐಎಸ್‌ಎಲ್ ನಡೆಸ್ತಿದ್ದ ಎಫ್‌ಎಸ್‌ಡಿಎಲ್ ಸಂಸ್ಥೆಗೂ ಫೆಡರೇಶನ್ನಿಗೂ 15 ವರ್ಷದ ಒಪ್ಪಂದ ಇತ್ತು. ಅದು 2025ರ ಡಿಸೆಂಬರ್‌ಗೆ ಮುಗಿಯೋದಿತ್ತು. ಮುಂದಿನ ಒಪ್ಪಂದ ಆಗಲಿಲ್ಲ. ಜುಲೈನಲ್ಲಿ ಲೀಗನ್ನ ತಡೆಹಿಡಿದ್ರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಕಾಲ ನಿಲ್ಲಿಸ್ತಾ ಇದ್ದೀವಿ ಅಂತ ಪ್ರಕಟಿಸಿತು. ನವೆಂಬರ್ 7ರ ಖಾಲಿ ಟೆಂಡರ್ ಆದ ಮೇಲೆ ಛೇತ್ರಿ, ಗುರುಪ್ರೀತ್ ಸೇರಿ ದೇಶದ ಆಟಗಾರರೆಲ್ಲ ಇದೇ ಆ್ಯಪ್‌ನಲ್ಲಿ ಒಂದೇ ಮಾತಿನ ಪೋಸ್ಟ್ ಹಾಕಿದ್ರು: ನಮಗೆ ಆಡೋಕೆ ಬಿಡಿ ಅಂತ. ನೀವೂ ನೋಡಿರ್ತೀರಿ. ನೋಡಿ ಮುಂದೆ ಸ್ಕ್ರಾಲ್ ಮಾಡಿರ್ತೀರಿ.

ಮಾಲೀಕ ಬದಲಾಗೋದು ಒಂದು ಭಯ. ಮಾಲೀಕ ಇದ್ದೂ ಆಟವೇ ಇಲ್ಲದೇ ಇರೋದು ಇನ್ನೊಂದು ಭಯ.

ಪೋಸ್ಟ್ 5/9: ಕೋಲ್ಕತ್ತದ ಜಗಳ

ಮಾಲೀಕ ಬಂದಾಗ ಅಭಿಮಾನಿ ಸುಮ್ಮನಿರದ ಊರು ಅಂದ್ರೆ ಕೋಲ್ಕತ್ತ. ಅಲ್ಲಿನ ಎರಡೂ ದೊಡ್ಡ ಕ್ಲಬ್ಬು ಸದಸ್ಯರವು. ಐಎಸ್‌ಎಲ್‌ಗೆ ಹೋಗಬೇಕಂದ್ರೆ ಕೋಟಿ ಕೋಟಿ ಬೇಕು. ಹಂಗಾಗಿ ಇಬ್ಬರೂ ಹೂಡಿಕೆದಾರರನ್ನ ಹುಡುಕಿದ್ರು.

ಈಸ್ಟ್ ಬೆಂಗಾಲ್ 1920ರ ಕ್ಲಬ್ಬು. 2018ರಲ್ಲಿ ಅದಕ್ಕೆ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕ್ವೆಸ್ ಕಾರ್ಪ್. ಎರಡೇ ವರ್ಷಕ್ಕೆ ಸಂಬಂಧ ಮುರೀತು. 2020ರಲ್ಲಿ ಶ್ರೀ ಸಿಮೆಂಟ್ ಬಂತು. ಕೊನೇ ಒಪ್ಪಂದಕ್ಕೆ ಸಹಿ ಹಾಕಿದ್ರೆ ಕ್ಲಬ್ಬಿನ ಹಕ್ಕೆಲ್ಲ ಹೋಗ್ತದ ಅಂತ ಹಳೇ ಪದಾಧಿಕಾರಿಗಳು ಹಟ ಹಿಡಿದ್ರು. 2021ರ ಜುಲೈನಲ್ಲಿ ಅಭಿಮಾನಿಗಳು ಮೈದಾನದ ಕ್ಲಬ್ ಟೆಂಟ್ ಮುಂದೆ ಸೇರಿದ್ರು. ಇಲ್ಲೇ ನೋಡ್ರಿ ವಿಶೇಷ. ಅವರು ಒಂದೇ ಬಣದವರಲ್ಲ. ಒಂದು ಗುಂಪು ಸಹಿ ಹಾಕ್ರಿ, ತಂಡ ಆಡಲಿ ಅಂತಿತ್ತು. ಇನ್ನೊಂದು ಗುಂಪು ಸಹಿ ಬೇಡ, ಕ್ಲಬ್ಬು ಉಳೀಲಿ ಅಂತಿತ್ತು. ಪೊಲೀಸರು ಲಾಠಿ ಬೀಸಿದ್ರು. ಎರಡೂ ಕಡೆಯವರ ಮೈಮೇಲೆ ಇದ್ದಿದ್ದು ಒಂದೇ ಕೆಂಪು-ಹಳದಿ. ಮುಂದಿನ ವರ್ಷ ಶ್ರೀ ಸಿಮೆಂಟ್ ಹೋಯ್ತು, ಇಮಾಮಿ ಬಂತು.

ಮೋಹನ್ ಬಾಗಾನ್ ಕಥೆ ಬೇರೆ. 2020ರ ಜನವರಿಯಲ್ಲಿ ಅದರ ಫುಟ್‌ಬಾಲ್ ವಿಭಾಗದ ಶೇ. 80ರಷ್ಟು ಪಾಲು ಆರ್‌ಪಿಎಸ್‌ಜಿ ಸಮೂಹಕ್ಕೆ ಹೋಯ್ತು. ಆ ಸಮೂಹದ ಹತ್ರ ಆಗಲೇ ಎಟಿಕೆ ಅನ್ನೋ ತಂಡ ಇತ್ತು. ಎರಡನ್ನೂ ಸೇರಿಸಿ ಎಟಿಕೆ ಮೋಹನ್ ಬಾಗಾನ್ ಅಂದ್ರು. ಹಸಿರು-ಮರೂನ್ ಬಣ್ಣ ಉಳೀತು, ಹಾಯಿದೋಣಿ ಲಾಂಛನ ಉಳೀತು. ಆದ್ರೆ 1911ರ ಹೆಸರಿನ ಮುಂದೆ ಮೂರು ಅಕ್ಷರ ಬಂದು ಕೂತವು. ಅಭಿಮಾನಿಗಳಿಗೆ ಅದೇ ಸಹಿಸೋಕಾಗಲಿಲ್ಲ. ಎಟಿಕೆ ತೆಗೀರಿ ಅಂತ ಬ್ಯಾನರ್ ಕಟ್ಟಿದ್ರು, ಮೆರವಣಿಗೆ ಮಾಡಿದ್ರು, ಕೆಲವರು ಪಂದ್ಯಕ್ಕೆ ಹೋಗೋದನ್ನೇ ಬಿಟ್ರು.

2023ರ ಮಾರ್ಚ್ 18. ಗೋವಾದಲ್ಲಿ ಐಎಸ್‌ಎಲ್ ಫೈನಲ್. ಎದುರಾಳಿ ನಮ್ಮ ಬೆಂಗಳೂರು ಎಫ್‌ಸಿ. ಪೆನಾಲ್ಟಿಯಲ್ಲಿ ನಾವು ಸೋತ್ವಿ. ಅದೇ ರಾತ್ರಿ ಮಾಲೀಕರು ಪ್ರಕಟಿಸಿದ್ರು: ಮುಂದಿನ ಸೀಸನ್‌ನಿಂದ ಎಟಿಕೆ ಇರಲ್ಲ, ಹೆಸರು ಮೋಹನ್ ಬಾಗಾನ್ ಸೂಪರ್ ಜೈಂಟ್. ಹಿಂದಿನ ಬಾಲ ಮಾಲೀಕರದೇ ಬ್ರಾಂಡು, ಅವರ ಲಕ್ನೋ ಐಪಿಎಲ್ ತಂಡದ ಹೆಸರಿನದೇ ತಮ್ಮ. ಪೂರ್ತಿ ಗೆಲುವಲ್ಲ. ಆದ್ರೆ ಮುಂದಿದ್ದದ್ದು ಹಿಂದೆ ಹೋಯ್ತು. ಮೂರು ವರ್ಷ ಕೂಗಿದ್ದಕ್ಕೆ ಸಿಕ್ಕಿದ್ದು ಅಷ್ಟು.

ಪೋಸ್ಟ್ 6/9: ಹೈದರಾಬಾದಿಗೆ ಏನಾಯ್ತು

ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮನೆಗೊಬ್ಬರು ಅಲ್ಲಿ ಕೆಲಸ ಮಾಡಿರ್ತಾರ. ಅದಕ್ಕೇ ಈ ಪೋಸ್ಟ್ ಗಮನ ಕೊಟ್ಟು ಓದ್ರಿ.

1950ರಿಂದ 1954ರ ವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡ. ಕೋಚ್ ಸೈಯದ್ ಅಬ್ದುಲ್ ರಹೀಂ, ಭಾರತವನ್ನ 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದವರು. ಆ ಐದು ವರ್ಷ ಸುರಪುರ ಇದ್ದಿದ್ದು ಹೈದರಾಬಾದ್ ರಾಜ್ಯದಲ್ಲಿ. ಲೆಕ್ಕದ ಪ್ರಕಾರ ಆ ಕಪ್ಪು ನಮ್ಮ ರಾಜ್ಯದ್ದೇ ಆಗಿತ್ತು!

ಆಮೇಲೆ ಲೈಸೆನ್ಸ್ ಕಾಲ ಬಂತು. 2009ರ ಐಪಿಎಲ್ ಫೈನಲ್ ನೆನಪದನ? ಜೋಹಾನ್ಸ್‌ಬರ್ಗ್‌ನಲ್ಲಿ ಆರ್‌ಸಿಬಿಯನ್ನ 6 ರನ್‌ನಿಂದ ಸೋಲಿಸಿ ಕಪ್ ಎತ್ತಿದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಈಗ ಆ ತಂಡ ಎಲ್ಲದ? ಇಲ್ಲ. 2012ರಲ್ಲಿ ಮಾಲೀಕರ ಹಣಕಾಸು ಕೆಟ್ಟು ಫ್ರಾಂಚೈಸಿ ರದ್ದಾಯ್ತು. ಹೊಸ ಮಾಲೀಕರು ಹೊಸ ಹೆಸರು, ಹೊಸ ಬಣ್ಣ ತಂದ್ರು, ಸನ್‌ರೈಸರ್ಸ್ ಆಯ್ತು. 2009ರ ಕಪ್ ಗೆದ್ದ ಅಭಿಮಾನಿಗೆ ಇವತ್ತು ಅದನ್ನ ತೋರಿಸೋಕೆ ತಂಡವೇ ಇಲ್ಲ.

ಫುಟ್‌ಬಾಲ್‌ನಲ್ಲಿ ಇನ್ನೂ ಕಷ್ಟ. 2019ರಲ್ಲಿ ಎಫ್‌ಸಿ ಪುಣೆ ಸಿಟಿ ಮುಚ್ಚಿತು, ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಬಂತು. ಪುಣೆಯವರು ಅಳೋದು ಹೈದರಾಬಾದಿನವರಿಗೆ ಕೇಳಿಸಲಿಲ್ಲ. 2022ರ ಮಾರ್ಚ್‌ನಲ್ಲಿ ಅದೇ ಹೈದರಾಬಾದ್ ಎಫ್‌ಸಿ ಐಎಸ್‌ಎಲ್ ಚಾಂಪಿಯನ್! ಆಮೇಲೆ ಸಂಬಳ ಬಾಕಿ, ಆಟಗಾರರು ಬಿಟ್ಟು ಹೋದ್ರು, ಮಾಲೀಕರು ಬದಲಾದ್ರು. 2025ರ ಅಕ್ಟೋಬರ್‌ನಲ್ಲಿ ತಂಡ ಊರನ್ನೇ ಬಿಟ್ಟು ದೆಹಲಿಗೆ ಹೋಯ್ತು. ಹೆಸರು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ. ಈಗ ಹೈದರಾಬಾದಿನವರು ಅಳೋದು ದೆಹಲಿಯವರಿಗೆ ಕೇಳಿಸ್ತದನ?

ಒಂದು ಲೈಸೆನ್ಸು ಪುಣೆ, ಹೈದರಾಬಾದ್, ದೆಹಲಿ ಸುತ್ತಿ ಬಂತು. ಟ್ರಕ್ಕಿಗೆ ಹೊಸ ನಂಬರ್ ಪ್ಲೇಟ್ ಹಾಕಿದಂಗ. ಹಿಂದೆ ಉಳಿದಿದ್ದು ಎರಡು ಊರಿನ ಜೆರ್ಸಿ.

ಪೋಸ್ಟ್ 7/9: ಹೊರಗಿನವರು ಏನ್ ಮಾಡಿದ್ರು

ಇದು ನಮ್ಮ ದೇಶದ ಕರ್ಮ ಮಾತ್ರ ಅಲ್ಲ.

ಲಂಡನ್ನಿನ ವಿಂಬಲ್ಡನ್ ಎಫ್‌ಸಿ 1988ರಲ್ಲಿ ಲಿವರ್‌ಪೂಲ್‌ನ ಸೋಲಿಸಿ ಎಫ್ಎ ಕಪ್ ಗೆದ್ದ ಕ್ಲಬ್ಬು. 2002ರ ಮೇ 28ರಂದು ಮೂರು ಜನರ ಸಮಿತಿ, ಇಬ್ಬರು ಹೌದು ಒಬ್ಬರು ಬೇಡ ಅಂತ, ಕ್ಲಬ್ಬನ್ನ ಮಿಲ್ಟನ್ ಕೀನ್ಸ್ ಅನ್ನೋ ಬೇರೆ ಊರಿಗೆ ಒಯ್ಯೋಕೆ ಒಪ್ಪಿಗೆ ಕೊಟ್ಟಿತು. ಸುರಪುರದಿಂದ ಯಾದಗಿರಿಗಿಂತ ದೂರ. ಅಭಿಮಾನಿಗಳು ಕೂತು ಅಳಲಿಲ್ಲ. ಕೆಲವೇ ವಾರದಲ್ಲಿ ಎಎಫ್‌ಸಿ ವಿಂಬಲ್ಡನ್ ಅಂತ ತಮ್ಮದೇ ಕ್ಲಬ್ ಕಟ್ಟಿದ್ರು. ಊರ ಬಯಲಿನಲ್ಲಿ ಬಂದವರನ್ನೆಲ್ಲ ಆಡಿಸಿ ಆಟಗಾರರನ್ನ ಆರಿಸಿದ್ರು. ಒಂಬತ್ತನೇ ದರ್ಜೆಯ ಲೀಗಿನಿಂದ ಶುರು ಮಾಡಿ ಒಂಬತ್ತೇ ವರ್ಷಕ್ಕೆ, 2011ರಲ್ಲಿ, ಮತ್ತೆ ಫುಟ್‌ಬಾಲ್ ಲೀಗ್ ಸೇರಿದ್ರು. 2020ರಲ್ಲಿ ತಮ್ಮ ಹಳೇ ಬೀದಿಗೆ, ಪ್ಲೌ ಲೇನ್‌ಗೆ, ಹೊಸ ಸ್ಟೇಡಿಯಂ ಕಟ್ಕೊಂಡು ವಾಪಸ್ ಬಂದ್ರು. ಆ ಕ್ಲಬ್ಬಿನ ಹಿಡಿತ ಇವತ್ತಿಗೂ ಅಭಿಮಾನಿಗಳ ಟ್ರಸ್ಟ್ ಕೈಯಲ್ಲದ.

ಮ್ಯಾಂಚೆಸ್ಟರ್ ಯುನೈಟೆಡ್‌ನ 2005ರಲ್ಲಿ ಗ್ಲೇಜರ್ ಕುಟುಂಬ ಕೊಂಡಿತು. ಕೊಳ್ಳೋಕೆ ಮಾಡಿದ ಸಾಲದ ಬಹುಪಾಲು ಕ್ಲಬ್ಬಿನ ತಲೆಮೇಲೇ ಬಂತು. ಎತ್ತು ಕೊಳ್ಳೋಕೆ ಸಾಲ ಮಾಡಿ, ಆ ಎತ್ತಿನ ದುಡಿಮೆಯಿಂದಲೇ ಬಡ್ಡಿ ಕಟ್ಟಿಸಿದಂಗ. ಅಭಿಮಾನಿಗಳು ಹಸಿರು-ಬಂಗಾರದ ಸ್ಕಾರ್ಫ್ ಹಾಕಿದ್ರು, ಅದು ಕ್ಲಬ್ಬಿನ ಮೊದಲ ಹೆಸರು ನ್ಯೂಟನ್ ಹೀತ್ ಇದ್ದಾಗಿನ ಬಣ್ಣ. ಮಾಲೀಕರು ಮಾತ್ರ ಹೋಗಲಿಲ್ಲ.

ಕಾರ್ಡಿಫ್ ಸಿಟಿಯ ಮಾಲೀಕರು 2012ರಲ್ಲಿ ನೀಲಿ ಬಣ್ಣವನ್ನ ಕೆಂಪು ಮಾಡಿದ್ರು. 2015ರ ಜನವರಿಯಲ್ಲಿ ಮತ್ತೆ ನೀಲಿ ಬಂತು. 2021ರ ಏಪ್ರಿಲ್‌ನಲ್ಲಿ ಆರು ದೊಡ್ಡ ಇಂಗ್ಲಿಷ್ ಕ್ಲಬ್ಬುಗಳು ಯುರೋಪಿನ ಸೂಪರ್ ಲೀಗ್ ಸೇರ್ತೀವಿ ಅಂದ್ವು, ಅಭಿಮಾನಿಗಳು ಬೀದಿಗಿಳಿದ್ರು, ಮೂರೇ ದಿನಕ್ಕೆ ಆರೂ ಹಿಂದೆ ಸರಿದ್ವು.

ಜರ್ಮನಿಯಲ್ಲಿ ಮಾತ್ರ ಜಗಳಕ್ಕೆ ಮೊದಲೇ ನಿಯಮ ಅದ. 50+1. ಕೆಲವು ವಿನಾಯಿತಿ ಬಿಟ್ರೆ, ಕ್ಲಬ್ಬಿನ ಅರ್ಧಕ್ಕಿಂತ ಒಂದು ಮತವಾದ್ರೂ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು. ಹೂಡಿಕೆದಾರ ದುಡ್ಡು ಹಾಕಬಹುದು, ಹೆಸರು ಬದಲಿಸೋಕೆ ಆಗಲ್ಲ. 2024ರಲ್ಲಿ ಅಲ್ಲಿನ ಲೀಗು ಹೊರಗಿನ ಹೂಡಿಕೆದಾರರನ್ನ ತರೋಕೆ ಹೊರಟಾಗ ಅಭಿಮಾನಿಗಳು ಪಂದ್ಯದ ಮಧ್ಯೆ ಮೈದಾನಕ್ಕೆ ಟೆನಿಸ್ ಚೆಂಡು ಎಸೆದ್ರು, ವಾರಗಟ್ಟಲೆ. ಫೆಬ್ರವರಿಯಲ್ಲಿ ಆ ಯೋಜನೆ ಕೈಬಿಟ್ರು.

ಇಂಗ್ಲೆಂಡ್ ಕೂಡ 2025ರ ಜುಲೈನಲ್ಲಿ ಕಾನೂನೇ ಮಾಡಿತು. ಸ್ವತಂತ್ರ ನಿಯಂತ್ರಕ ಇರಬೇಕು, ಲಾಂಛನ, ಬಣ್ಣದಂಥ ವಿಷಯಕ್ಕೆ ಅಭಿಮಾನಿಗಳನ್ನ ಕೇಳಬೇಕು. ಇಪ್ಪತ್ತು ವರ್ಷದ ಕೂಗು ಕೊನೆಗೆ ಕಾಗದದ ಮೇಲೆ ಬಂತು.

ಪೋಸ್ಟ್ 8/9: ಈಗ ಆರ್‌ಸಿಬಿ

2008ರಲ್ಲಿ ವಿಜಯ್ ಮಲ್ಯ ಅವರ ಸಮೂಹ 11.16 ಕೋಟಿ ಡಾಲರ್‌ಗೆ ಬೆಂಗಳೂರು ತಂಡ ಕೊಂಡಿತು. ಹೆಸರು ಬಂದಿದ್ದು ರಾಯಲ್ ಚಾಲೆಂಜ್ ಅನ್ನೋ ವಿಸ್ಕಿ ಬ್ರಾಂಡ್‌ನಿಂದ. ನನ್ನ ಜೆರ್ಸಿ ಕಥೆಗೂ ಇದಕ್ಕೂ ಏನ್ ಫರಕ್ ಅದ ಹೇಳ್ರಿ? ಆದ್ರೂ ನಾವು ಆ ಹೆಸರನ್ನ ಕೂಗಿ ಕೂಗಿ ನಮ್ಮದು ಮಾಡ್ಕೊಂಡ್ವಿ. ವಿಸ್ಕಿ ಮರೆತೇ ಹೋಯ್ತು.

2014ರ ಹೊತ್ತಿಗೆ ಕಂಪನಿಯ ಹಿಡಿತ ಡಿಯಾಜಿಯೊಗೆ ಹೋಯ್ತು, 2016ರಲ್ಲಿ ಮಲ್ಯ ಅಧ್ಯಕ್ಷ ಸ್ಥಾನ ಬಿಟ್ರು. ಒಬ್ಬ ಅಭಿಮಾನಿಯೂ ಬೀದಿಗೆ ಇಳೀಲಿಲ್ಲ. ಯಾಕಂದ್ರೆ ಕೆಂಪು ಹಂಗೇ ಇತ್ತು, ಕೊಹ್ಲಿ ಹಂಗೇ ಇದ್ದ, ಚಿನ್ನಸ್ವಾಮಿ ಹಂಗೇ ಇತ್ತು. ಇದರಿಂದ ನನಗೆ ತಿಳಿದಿದ್ದು ಇದು: ಅಭಿಮಾನಿ ಕಾಯೋದು ಮಾಲೀಕನನ್ನ ಅಲ್ಲ. ಹೆಸರು, ಬಣ್ಣ, ಊರು, ಈ ಮೂರನ್ನ.

ಹೆಸರಿನ ವಿಷಯದಲ್ಲೂ ನಾವು ಕಾದಿದ್ದು ಕಮ್ಮಿ ಅಲ್ಲ. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಆಯ್ತು. ತಂಡ ಬೆಂಗಳೂರು ಆಗಿದ್ದು 2024ರ ಮಾರ್ಚ್‌ನಲ್ಲಿ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಎದುರು ಗೆದ್ವಿ. ಅಂತರ ಮತ್ತೆ ಅದೇ 6 ರನ್. 2009ರಲ್ಲಿ ಹೋಗಿದ್ದು ವಾಪಸ್ ಬಂತು ಅಂತ ನಾನೂ ಕುಣಿದೆ. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ರು. ಅದರ ಬಗ್ಗೆ ತನಿಖೆ, ಕೋರ್ಟು ಶುರುವಾದ್ವು, ನಾನು ತೀರ್ಪು ಕೊಡಲ್ಲ. ಆದ್ರೆ ಅವರೆಲ್ಲ ನಮ್ಮಂಥ ಅಭಿಮಾನಿಗಳು, ಸುಮಾರು ಜನ ನಮ್ಮ ವಯಸ್ಸಿನೋರು. ಐದು ತಿಂಗಳ ಮೇಲೆ ಬಂದ ಪತ್ರದಲ್ಲಿ ಕಂಪನಿ ಹೇಳಿದ್ದು, ತಂಡ ಬೆಲೆಬಾಳುವ ಆಸ್ತಿ, ಆದ್ರೆ ನಮ್ಮ ಮದ್ಯದ ವ್ಯವಹಾರಕ್ಕೆ ಅದು ಮುಖ್ಯವಲ್ಲ ಅಂತ. ವ್ಯಾಪಾರದ ಲೆಕ್ಕದಲ್ಲಿ ಸರಿನೇ ಇರಬಹುದು. ಆದ್ರೆ ಆ ಬೆಲೆ ಬಂದಿದ್ದು ಎಲ್ಲಿಂದ? ಹದಿನೇಳು ವರ್ಷ ಸೋತರೂ ಈ ಸಲ ಕಪ್ ನಮ್ದೇ ಅಂತ ಕೂಗಿದ ಗಂಟಲಿನಿಂದ.

ಹಂಗಾಗಿ ಮಾಲೀಕ ಯಾರೇ ಆಗಲಿ, ನಾವು ಕೇಳಬೇಕಾದ್ದು ಮೂರು. ಹೆಸರು, ಬಣ್ಣ, ಊರು ಬದಲಿಸೋ ಮುಂಚೆ ನಮ್ಮನ್ನ ಕೇಳ್ತೀರಾ? ಅಭಿಮಾನಿಗಳ ಪರವಾಗಿ ಮಾತಾಡೋಕೆ ನಿಮ್ಮ ಮೇಜಿನ ಹತ್ರ ಒಂದು ಕುರ್ಚಿ ಇರ್ತದಾ? ನಮ್ಮನ್ನ ಕರೆದಾಗ ಗೇಟು, ಟಿಕೆಟ್, ಜನಸಂಖ್ಯೆ ಲೆಕ್ಕ ಹಾಕಿ ಕರೀತೀರಾ? ಮೂರನೇದು ಎಲ್ಲಕ್ಕಿಂತ ಮೊದಲನೇದು.

ಪೋಸ್ಟ್ 9/9: ಟೇಲರ್ ಮಂಜಿಲ್

ಕೊನೇ ಫೋಟೋ ಎಲ್ಲರಿಗೂ ಗೊತ್ತಿರೋದು. ನಮ್ಮ ಗುಡ್ಡದ ಮೇಲಿನ ಟೇಲರ್ ಮಂಜಿಲ್. ಫುಟ್‌ಬಾಲ್ ಸರಣಿಗೆ ಇದ್ಯಾಕ ಬಂತು ಅಂತೀರಾ?

ಮಾಲೀಕ ಬದಲಾಗೋದು ಅಂದ್ರೇನು ಅಂತ ನಮ್ಮೂರಿಗಿಂತ ಚೆನ್ನಾಗಿ ಬಲ್ಲವರು ಯಾರು? ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡ ಮೇಲೆ, 1841ರಲ್ಲಿ ಮೆಡೋಸ್ ಟೇಲರ್ ಬಂದು ಸಂಸ್ಥಾನದ ಆಡಳಿತ ನೋಡಿಕೊಂಡ. 1853ರಲ್ಲಿ ಅದು ರಾಜಾ ವೆಂಕಟಪ್ಪ ನಾಯಕರ ಕೈಗೆ ಬಂತು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯದ ಎದುರು ಯುದ್ಧ ಆಯ್ತು, ಅದೇ ವರ್ಷ ಅವರು ತೀರಿಕೊಂಡರು. 1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮರಿಗೆ ಕೊಟ್ಟರು. ಹೌದು, ಕೊಟ್ಟರು. ತಮಗೆ ನಿಷ್ಠರಾಗಿದ್ದಕ್ಕೆ ಬಹುಮಾನ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದ್ವಿ.

1860ರ ಆ ಕಾಗದಕ್ಕೆ ಎರಡೇ ಪಕ್ಷ. ಇಲ್ಲಿ ಬೆಳೆ ಬೆಳೆಯೋರು, ನೀರು ಹೊರೋರು, ಸತ್ತೋರು, ಯಾರ ಹೆಸರೂ ಪಕ್ಷದ ಜಾಗದಲ್ಲಿ ಇರಲಿಲ್ಲ.

ಸಂಸ್ಥಾನ ಬೇರೆ, ಕ್ಲಬ್ಬು ಬೇರೆ, ಗೊತ್ತು. ಅಲ್ಲಿ ಜೀವ ಹೋಯ್ತು, ರಾಜ್ಯ ಹೋಯ್ತು. ಆಟಕ್ಕೆ ಅದನ್ನ ಹೋಲಿಸಿ ಹಿರಿಯರನ್ನ ಸಣ್ಣವರು ಮಾಡೋದು ನನ್ನ ಉದ್ದೇಶ ಅಲ್ಲ. ಹೇಳೋದು ಇಷ್ಟೇ: ಒಪ್ಪಂದದ ಕಾಗದದಲ್ಲಿ ನಿನ್ನ ಹೆಸರಿಲ್ಲ ಅಂದ್ರೆ, ನಿನ್ನ ಪರವಾಗಿ ಯಾರೂ ಅದನ್ನ ಬರೆಯಲ್ಲ. ನೀನೇ ಕೇಳಿ ಬರೆಸ್ಬೇಕು. ಮೋಹನ್ ಬಾಗಾನ್‌ನವರು ಕೂಗಿ ಮೂರು ಅಕ್ಷರ ತೆಗೆಸಿದ್ರು. ವಿಂಬಲ್ಡನ್‌ನವರು ಹೊಸ ಕಾಗದವನ್ನೇ ಬರೆದ್ರು. ಜರ್ಮನಿಯವರು ಮೊದಲೇ ಬರೆಸಿ ಇಟ್ಟಿದ್ರು.

ನಾವು ಸುರಪುರದಿಂದ ಆರ್‌ಸಿಬಿ ಕೊಳ್ಳೋಕಾಗಲ್ಲ, ಐಎಸ್‌ಎಲ್ ಟೆಂಡರ್ ಹಾಕೋಕಾಗಲ್ಲ. ಮೊನ್ನೆ ಓಣಿ ಹುಡುಗರೆಲ್ಲ ಕಟ್ಟೆ ಮೇಲೆ ಕೂತಿದ್ವಿ. ತಲಾ ನೂರು ರೂಪಾಯಿ ಹಾಕೋಣ, ಸಾದಾ ಜೆರ್ಸಿ ಹೊಲಿಸೋಣ, ನಮ್ಮ ಹಳೇ ಹೆಸರೇ ಬರೆಸೋಣ ಅಂತಾಯ್ತು. ಯಾರಾದ್ರೂ ಕಿಟ್ ಕೊಡಿಸ್ತೀನಿ ಅಂದ್ರೆ ಬೇಡ ಅನ್ನಲ್ಲ. ಅಂಗಡಿ ಹೆಸರು ತೋಳಿನ ಮೇಲೆ. ಎದೆ ಮೇಲೆ ನಮ್ಮದು. ಅದನ್ನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ಹದಿನೈದು ಜನಾನೂ ಸಹಿ ಹಾಕೀವಿ.

ಹಾಳೆಯ ಫೋಟೋ ಹಾಕಲ್ಲ, ಅಕ್ಷರ ನನ್ನವು, ನೋಡಿದ್ರ ನಗ್ತೀರಿ. ನಿಮ್ಮ ಓಣಿ ಟೀಮಿನ ಹೆಸರು ಏನು, ಅದನ್ನ ಯಾರು ಇಟ್ಟಿದ್ದು? ಕೆಳಗೆ ಬರೀರಿ, ನಾನು ಓದ್ತೀನಿ.

#ಸುರಪುರ #ಟೀಮುಯಾರದು #ಯಾದಗಿರಿಹುಡುಗರು